ಇದ್ದಿಲ ಕಾರು ಓಡಿದ ಮಧ್ಯಾಹ್ನ

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವನಲ್ಲ. ನಂಬಬಾರದೆಂಬ ಹಟವೇನೂ ಇರಲಿಲ್ಲ, ಪುರುಸೊತ್ತಿರಲಿಲ್ಲ, ಅಷ್ಟೇ. ಡ್ರೈವರನ ಪಕ್ಕದಲ್ಲಿ ಕೂತವರಿಗೆಲ್ಲ ಏನಾದರೊಂದು ಕಥೆ ಹೇಳುವ ಚಟ. ಈ ಹುಣಸೆಮರದಲ್ಲಿ ಇಂಥವಳಿದ್ದಾಳೆ, ಆ ಹಳ್ಳ ಬಂದರೆ ಎತ್ತು ಮುಂದೆ ಹೆಜ್ಜೆ ಇಡುವುದಿಲ್ಲ, ಹೀಗೆ. ನಾನು ಹೂಂಗುಟ್ಟುತ್ತಿದ್ದೆ, ಮನಸ್ಸಿನಲ್ಲಿ ಸವೆದ ಟೈರಿನ ಚಿಂತೆ. ಅದೇ ಹುಣಸೆಮರದ ಕೆಳಗೆ ಕಾರು ಕೆಟ್ಟು ನಿಂತು ನಾನು ಬೆಳಗಿನ ತನಕ ಮಲಗಿದ್ದೂ ಉಂಟು. ಸೊಳ್ಳೆ ಬಿಟ್ಟರೆ ಇನ್ನಾರೂ ನನ್ನನ್ನು ಮಾತಾಡಿಸಲಿಲ್ಲ.

ಈಗ ಹೇಳಹೊರಟದ್ದು ರಾತ್ರಿ ನಡೆದದ್ದಲ್ಲ. ಮಟಮಟ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲಿನಲ್ಲಿ ನಡೆದದ್ದು. ಕುಡಿದಿರಲಿಲ್ಲ; ಕುಡಿಯುವ ಅಭ್ಯಾಸವೇ ನನಗಿಲ್ಲ. ನಿದ್ದೆಗೆಟ್ಟಿದ್ದೆ, ನಿಜ. ಆದರೆ ಆ ಕಾಲದಲ್ಲಿ ನಾನು ಯಾವ ದಿನ ನಿದ್ದೆಗೆಟ್ಟಿರಲಿಲ್ಲ? ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಕೊನೆಯಲ್ಲಿ ಅದು ಏನು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಯುದ್ಧದ ಕಾಲ. ನಾನು ಆದವಾನಿಯ ಒಬ್ಬ ಹತ್ತಿ ಸಾವುಕಾರರ ಕಾರು ಓಡಿಸುತ್ತಿದ್ದೆ. ಮನೆಯಲ್ಲಿ ತಾಯಿ, ಗಂಡ ಸತ್ತ ಅಕ್ಕ, ಅವಳ ಮೂರು ಮಕ್ಕಳು. ಎಲ್ಲರ ಅನ್ನವೂ ನನ್ನ ಡ್ರೈವಿಂಗ್ ಲೈಸೆನ್ಸಿನ ಮೇಲೆ ನಿಂತಿತ್ತು. ಪೆಟ್ರೋಲು ಕೂಪನ್ನಿಗೆ ಬಿದ್ದಿತ್ತು. ಕೂಪನ್ ಇದ್ದರೂ ಪೆಟ್ರೋಲು ಇರುತ್ತಿರಲಿಲ್ಲ. ಆದ್ದರಿಂದ ಸಾವುಕಾರರು ಎಲ್ಲರಂತೆ ಕಾರಿಗೆ ಇದ್ದಿಲ ಗ್ಯಾಸಿನ ಡ್ರಮ್ಮು ಹಾಕಿಸಿದರು. ಕಾರಿನ ಬೆನ್ನಿಗೆ ಒಂದಾಳೆತ್ತರದ ಕಬ್ಬಿಣದ ಡ್ರಮ್ಮು. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಾಕಿ, ಕೈಯಿಂದ ಫ್ಯಾನು ತಿರುಗಿಸಿ ಗಾಳಿ ಊದುತ್ತ ಕೂತರೆ ಗ್ಯಾಸು ಹುಟ್ಟುತ್ತದೆ. ಅದು ಕೊಳವೆಯಲ್ಲಿ ಹಾದು ಇಂಜಿನಿಗೆ ಬರುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದಿನಾ ಮುಂಜಾನೆ ನನ್ನ ಮುಖ ನೋಡಿದರೆ ಅಡುಗೆಮನೆಯಿಂದ ಎದ್ದು ಬಂದವನ ಹಾಗಿರುತ್ತಿತ್ತು.

ಆ ಕಾರಿನ ಓಟದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅದು ಓಡುತ್ತಿರಲಿಲ್ಲ. ಸಮ ನೆಲದಲ್ಲಿ ಸೈಕಲ್ಲಿಗೆ ಸರಿಸಮ. ದಿಬ್ಬ ಬಂದರೆ ಕೂತವರು ಇಳಿದು ತಳ್ಳಬೇಕು. ಕುದುರೆಯ ಜಟಕಾದವರು ನಮ್ಮನ್ನು ದಾಟಿ ಹೋಗುವಾಗ ಬೇಕೆಂದೇ ತಿರುಗಿ ನೋಡಿ ಸಲಾಮು ಹೊಡೆಯುತ್ತಿದ್ದರು. ಹಿಂದಿನ ಕಿಟಕಿಗೆ ಡ್ರಮ್ಮು ಅಡ್ಡ ಇದ್ದದ್ದರಿಂದ ನನಗೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಆ ಡ್ರಮ್ಮಂತೂ ಓಡುವಾಗ ಕೆಂಡದಂತೆ ಕಾದಿರುತ್ತಿತ್ತು. ತಳ್ಳುವವರು ಕೂಡ ಅದನ್ನು ಬಿಟ್ಟು ಪಕ್ಕದ ಮಡ್‌ಗಾರ್ಡಿಗೆ ಕೈ ಹಚ್ಚುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಕೊನೆಯ ಹತ್ತಿ ನೋಡಿ ದರ ಮಾತಾಡಲು ಸಾವುಕಾರರ ಗುಮಾಸ್ತ ಸಂಗಪ್ಪನನ್ನು ಕೂರಿಸಿಕೊಂಡು ಪೆದ್ದಹರಿವಾಣಕ್ಕೆ ಹೋಗಿದ್ದೆ. ಆದವಾನಿಯಿಂದ ಹತ್ತು ಹನ್ನೆರಡು ಮೈಲಿ ಇದ್ದೀತು. ಸಂಗಪ್ಪ ಒಬ್ಬ ರೈತನ ಪಡಸಾಲೆಯಲ್ಲಿ ಹತ್ತಿಯ ಎಳೆ ಹಿಂಜಿ ನೋಡುತ್ತ ಕೂತಿದ್ದ. ನಾನು ಬೇವಿನ ನೆರಳಲ್ಲಿ ಕಾರಿನ ಬಾಗಿಲು ತೆರೆದಿಟ್ಟು ಕಾಲು ಚಾಚಿ ಕಣ್ಣು ಮುಚ್ಚಿದ್ದೆ. ಯಾರೋ ಕಾಲು ಹಿಡಿದರು.

ಎದ್ದು ನೋಡಿದರೆ ಒಬ್ಬ ಮುದುಕಿ. ಹನುಮವ್ವ ಎಂದು ಹೆಸರು, ಕುರಿಗಾರರ ಮನೆಯವಳು.

"ಯಪ್ಪಾ ಡ್ರೈವರಪ್ಪ, ನನ್ನ ಸೊಸಿ ಸಾಯಾಕ ಹತ್ಯಾಳ. ನಿನ್ನಿ ಹೊತ್ತು ಮುಳುಗಿದಾಗಿಂದ ಬ್ಯಾನಿ ತಿನ್ನಾಕ ಹತ್ಯಾಳ, ಕೂಸು ಅಡ್ಡ ತಿರುಗೈತಂತ. ಸೂಲಗಿತ್ತಿ ಕೈಚೆಲ್ಲಿ ಕುಂತಾಳ. ದವಾಖಾನಿಗಿ ಮುಟ್ಟಸು ನಮ್ಮಪ್ಪಾ."

ಮಗ ಎಲ್ಲಿ ಎಂದು ಕೇಳಿದೆ. ಮಗ ಈರಣ್ಣ ಆಸ್ಪರಿ ಕಡೆ ಹೋಗಿದ್ದನಂತೆ. ಹತ್ತಿ ಬಿಡಿಸಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುತ್ತಾರಲ್ಲ, ಆ ಕೆಲಸಕ್ಕೆ. ಆಸ್ಪರಿ ಎಂದರೆ ಆದವಾನಿಯ ಆಚೆ ಮಗ್ಗುಲು. ಕರೆಸುವ ಮಾತೇ ಇರಲಿಲ್ಲ.

ಸಂಗಪ್ಪ ಹೊರಗೆ ಬಂದು ಮುಖ ಗಂಟು ಹಾಕಿದ. "ಸಾವುಕಾರ್ರ ಕಾರು ಇದು, ಬಾಡಿಗಿ ಗಾಡಿ ಅಲ್ಲ. ಸೀಟು ಹೊಲಸಾದ್ರ ಯಾರು ಜವಾಬು ಹೇಳೋರು?" ಎಂದ. ಅಷ್ಟರಲ್ಲಿ ಹೆಂಗಸರು ಸೊಸೆಯನ್ನು ಹೊರಸಿನ ಮೇಲೆ ಹೊತ್ತು ತಂದೇಬಿಟ್ಟರು. ಇನ್ನೂ ಹುಡುಗಿ ಅನ್ನಬೇಕು. ತುಟಿ ಬಿಳಿಚಿಕೊಂಡಿತ್ತು. ಸಂಗಪ್ಪ ಒಮ್ಮೆ ನೋಡಿದವನು ತಿರುಗಿ ನಿಂತು, ಹೆಗಲ ಮೇಲಿನ ಶಲ್ಯ ತೆಗೆದು ನನ್ನ ಕೈಗೆ ಕೊಟ್ಟ. "ಹಾಸು ಇದನ್ನ. ಲಗೂನ ಹೋಗು ಮಾರಾಯ. ನಾ ನಾಳಿ ಬಂಡಿ ಹತ್ತಿ ಬರ್ತೀನಿ." ಮನುಷ್ಯನ ಬಾಯಿ ಒಂದು, ಕೈ ಇನ್ನೊಂದು. ಅವನ ಮೇಲೆ ನನಗೆ ಅಲ್ಲಿಯತನಕ ಇದ್ದ ಸಿಟ್ಟೆಲ್ಲ ಆಗಲೇ ಇಳಿದು ಹೋಯಿತು.

ಹೊರಟೆವು. ಹಿಂದಿನ ಸೀಟಿನಲ್ಲಿ ಹುಡುಗಿ, ಅವಳ ತಲೆ ಅತ್ತೆಯ ತೊಡೆಯ ಮೇಲೆ. ಕಾರು ಎಂದಿನಂತೆ ಕೆಮ್ಮುತ್ತ, ನಿಲ್ಲುತ್ತ, ಮತ್ತೆ ಕೆಮ್ಮುತ್ತ ಸಾಗಿತು. ಪ್ರತಿ ಗುಂಡಿಗೂ ಅವಳು ಅರಚುತ್ತಿದ್ದಳು. ನಾನು ಕಾರಿಗೆ ಬೈದೆ, ರಸ್ತೆಗೆ ಬೈದೆ, ಯುದ್ಧ ಮಾಡುವವರಿಗೂ ಬೈದೆ. ಬೈದರೆ ಇದ್ದಿಲಿಗೆ ಏನು ಗೊತ್ತಾಗುತ್ತದೆ? ಅರ್ಧ ದಾರಿಗಿಂತ ಹೆಚ್ಚು ಹೀಗೇ ಬಂದೆವು. ಆದವಾನಿಯ ಗುಡ್ಡಗಳು ಎದುರಿಗೆ ಕಾಣಿಸಿದವು. ಅಲ್ಲಿ ಒಂದು ಉದ್ದನೆಯ ದಿಬ್ಬ ಇದೆ. ದಿಬ್ಬದ ನಡುವೆ ಇಂಜಿನು ನಿಂತಿತು.

ಇಳಿದೆ. ಬೂದಿ ಕೆದಕಿದೆ. ಇದ್ದಿಲು ಹಾಕಿದೆ. ಫ್ಯಾನು ತಿರುಗಿಸಿ ತಿರುಗಿಸಿ ಭುಜ ಬಿದ್ದುಹೋಯಿತು. ಗ್ಯಾಸು ಹುಟ್ಟಲಿಲ್ಲ. ಅಷ್ಟರಲ್ಲಿ ಒಂದು ವಿಷಯ ಗಮನಕ್ಕೆ ಬಂತು: ಹುಡುಗಿ ಅರಚುವುದನ್ನು ನಿಲ್ಲಿಸಿದ್ದಳು. ಬಗ್ಗಿ ನೋಡಿದರೆ ಕಣ್ಣು ಅರೆ ಮುಚ್ಚಿತ್ತು. ಉಸಿರಿತ್ತು. ತಳ್ಳೋಣವೆಂದರೆ ದಿಬ್ಬ, ನಾನೊಬ್ಬ, ಜೊತೆಗೆ ಒಬ್ಬ ಮುದುಕಿ. ರಸ್ತೆಯ ಎರಡೂ ಕಡೆ ನರಪಿಳ್ಳೆ ಇಲ್ಲ. ಬರೀ ಹತ್ತಿ ಕಟ್ಟಿಗೆ ನಿಂತ ಕಪ್ಪು ಹೊಲ, ಬಿಸಿಲು. ನಾನು ರಸ್ತೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಅಳು ಬಂದಿತ್ತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಹನುಮವ್ವ ಮೆಲ್ಲಗೆ ಸೊಸೆಯ ತಲೆ ಸೀಟಿಗೆ ಇಳಿಸಿ ಕೆಳಗಿಳಿದಳು. ರಸ್ತೆಯ ಅಂಚಿಗೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, ಹೊಲಗಳ ಕಡೆ ತಿರುಗಿ ಕೂಗಿದಳು.

"ಈರಣ್ಣಾ... ಬಾರೋ... ಗಾಡಿ ನಿಂತೈತಿ, ಕೈ ಹಚ್ಚು ಬಾರೋ..."

ಕುರಿಗಾರರು ಒಬ್ಬರನ್ನೊಬ್ಬರು ಕರೆಯುವ ರಾಗ ಅದು. ಅಡವಿಯಲ್ಲಿ ಕುರಿ ಹಳ್ಳಕ್ಕೆ ಬಿದ್ದರೆ, ಬಂಡಿ ಕೆಸರಲ್ಲಿ ಹೂತರೆ ಹಾಗೆ ಕೂಗುತ್ತಾರೆ. ಕೇಳಿದವರು ಯಾರೇ ಇರಲಿ, ಉಣ್ಣುತ್ತಿದ್ದರೂ ಗಂಗಾಳ ಬಿಟ್ಟು ಎದ್ದು ಬರಬೇಕು; ಅದು ಅವರ ಕಟ್ಟಳೆ. ಆದರೆ ಕೇಳಿಸುವಷ್ಟು ದೂರದಲ್ಲಾದರೂ ಇರಬೇಕಲ್ಲ! ನನಗೆ ರೇಗಿತು.

"ಯಾರನ್ನ ಕರೀತೀಯವ್ವಾ? ಆತ ಆಸ್ಪರಿ ಕಡಿ ಅದಾನಂತ ನೀನಽ ಹೇಳಿದ್ಯಲ್ಲ!"

"ಗಾಡಿ ನಿಂತಾಗ ಕರೀಬೇಕಪ್ಪ," ಎಂದಳು. ಮತ್ತೊಮ್ಮೆ ಕರೆದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಕೂತು, ಸೊಸೆಯ ತಲೆ ತೊಡೆಯ ಮೇಲೆ ಎತ್ತಿಕೊಂಡು, "ಹೂಂ, ನಡಿ," ಎಂದಳು.

ಎಲ್ಲಿಗೆ ನಡೆಯುವುದು? ಅವಳಿಗೆ ಹೇಳಿ ಪ್ರಯೋಜನವಿಲ್ಲ ಎಂದು ನಾನೂ ಹೋಗಿ ಸ್ಟೇರಿಂಗಿನ ಮುಂದೆ ಕೂತೆ. ಸುಮ್ಮನೆ ಬ್ರೇಕು ಬಿಟ್ಟೆ. ಹಿಂದಕ್ಕೆ ಜಾರಬೇಕಿದ್ದ ಕಾರು ಮುಂದಕ್ಕೆ ಹೋಯಿತು.

ಇಂಜಿನು ಇನ್ನೂ ಹತ್ತಿರಲಿಲ್ಲ. ಇದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಇಂಜಿನು ಸತ್ತೇ ಇತ್ತು, ಕಾರು ದಿಬ್ಬ ಹತ್ತುತ್ತಿತ್ತು. ಕೆಟ್ಟ ಕಾರನ್ನು ಎಷ್ಟೋ ಸಲ ಜನರಿಂದ ತಳ್ಳಿಸಿದವನು ನಾನು. ಹಿಂದಿನಿಂದ ತಳ್ಳುವುದು ಡ್ರೈವರನ ಬೆನ್ನಿಗೆ ಗೊತ್ತಾಗುತ್ತದೆ. ತಳ್ಳುವವನು ಕಾಲು ಊರಿದಾಗ ಒಂದು ಜೋಲಿ, ಕಾಲು ಬದಲಿಸಿದಾಗ ಇನ್ನೊಂದು. ಆ ಜೋಲಿ ನನ್ನ ಬೆನ್ನಿಗೆ ಬಡಿಯುತ್ತಿತ್ತು. ತಿರುಗಿ ನೋಡಿದೆ. ಹಿಂದಿನ ಕಿಟಕಿಯ ತುಂಬ ಡ್ರಮ್ಮು. ಮುದುಕಿ ಸೊಸೆಯ ಹಣೆ ಸವರುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

ದಿಬ್ಬದ ನೆತ್ತಿಯಲ್ಲಿ ಇಂಜಿನು ಹತ್ತಿತು. ಅಲ್ಲಿಂದ ಮುಂದೆ ಆ ಕಾರು ಹೇಗೆ ಓಡಿತೆಂದು ಏನು ಹೇಳಲಿ! ಹೊಸದಿದ್ದಾಗ, ಪೆಟ್ರೋಲು ಕುಡಿಯುತ್ತಿದ್ದಾಗಲೂ ಅದು ಹಾಗೆ ಓಡಿರಲಿಲ್ಲ. ಹತ್ತಿಯ ಬಂಡಿಗಳ ಸಾಲನ್ನು ಒಂದು ಮಗ್ಗುಲಿಗೆ ಬಿಟ್ಟು ದಾಟಿದೆ. ಓಡುತ್ತಿದ್ದ ಜಟಕಾವನ್ನು ದಾಟಿದರೆ ಅದರ ಕುದುರೆ ನಿಂತಂತೆ ಕಂಡಿತು. ಊರ ಬಾಯಿಯ ಟೋಲ್ ಗೇಟಿನ ಹತ್ತಿರ ಒಬ್ಬ ಪೊಲೀಸಿನವನು ರಸ್ತೆಯ ನಡುವೆ ನಿಂತು ಕೈ ಎತ್ತಿದ. ನಾನು ಬ್ರೇಕಿನ ಮೇಲೆ ಕಾಲಿಟ್ಟದ್ದು ನಿಜ. ಅದು ಹಿಡಿಯಲಿಲ್ಲವೋ, ನಾನೇ ಪೂರ್ತಿ ಒತ್ತಲಿಲ್ಲವೋ, ದೇವರೇ ಬಲ್ಲ. ಅವನು ಪಕ್ಕಕ್ಕೆ ಹಾರಿದ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಕಾರು ತಾನಾಗಿಯೇ ಎನ್ನುವಂತೆ ತೆಪ್ಪಗೆ ನಿಂತಿತು.

ಡಾಕ್ಟರಮ್ಮ ಒಳಗೆ ಕರೆದುಕೊಂಡಳು. ಸಾಯಂಕಾಲದ ಹೊತ್ತಿಗೆ ಗಂಡು ಕೂಸು, ತಾಯಿ ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಇಲ್ಲ ಎಂದು ಆಕೆ ಹನುಮವ್ವನಿಗೆ ಬೈದದ್ದನ್ನು ನಾನೇ ಕೇಳಿಸಿಕೊಂಡೆ. ನಾನು ಮನೆಗೆ ಹೋಗಿ ಉಣ್ಣದೆ ಮಲಗಿದೆ.

ಮರುದಿನ ಸಂಗಪ್ಪನ ಶಲ್ಯ ಇಸಿದುಕೊಳ್ಳಲು ಆಸ್ಪತ್ರೆಗೆ ಹೋದಾಗ ಹುಡುಗಿಯ ಗಂಡ ಈರಣ್ಣ ಅಲ್ಲಿದ್ದ. ಎತ್ತರದ ಆಳು, ಮಾತು ಕಡಿಮೆ. ನನ್ನನ್ನು ಕಂಡು ಕೈ ಮುಗಿದ. ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು.

"ಕೈಗೇನಾತೋ ಈರಣ್ಣಾ?"

"ಏನಿಲ್ರಿ, ಸುಟ್ಟಾವ."

"ಆಸ್ಪರಿಗಿ ಇಷ್ಟು ಲಗೂ ಸುದ್ದಿ ಯಾರು ಮುಟ್ಟಿಸಿದ್ರು?"

"ಅವ್ವ ಕರದ್ಲು, ಬಂದ್ನಿರಿ."

ಯಾರ ಕೈಯಲ್ಲೋ ಹೇಳಿ ಕಳಿಸಿರಬೇಕು ಎಂದುಕೊಂಡೆ. ಕೂಸಿನ ಮುಖ ನೋಡಿ ಬಂದೆ. ಆ ಕೈಯ ವಿಷಯ ಅಲ್ಲಿಗೇ ಮರೆತುಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಟೋಲ್ ಗೇಟಿನ ಅದೇ ಪೊಲೀಸಿನವನು ಸಾವುಕಾರರ ಹತ್ತಿ ಜಿನ್ನಿನ ಕಾರ್ಖಾನೆಯ ಅಂಗಳಕ್ಕೆ ಬಂದು ಸಮನ್ಸು ಕೊಟ್ಟ. ಊರೊಳಗೆ ಮಿತಿ ಮೀರಿದ ವೇಗ. ಕೈ ಎತ್ತಿದರೂ ನಿಲ್ಲಿಸಲಿಲ್ಲ. ಆತನ ಹೆಸರು ಖಾಸಿಂ ಸಾಬ್. ಗಡ್ಡ ಬೆಳ್ಳಗಾಗಿತ್ತು, ಪೆನ್ಷನ್ನಿನ ಹತ್ತಿರದ ಮನುಷ್ಯ. ಸಾವುಕಾರರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಕಾರು ಜೋರ್ ಓಡ್ತಂತ! ಖಾಸಿಂ ಸಾಬ, ಕಣ್ಣಿಗೆ ಔಷಧ ಹಾಕ್ಕೊಳಪಾ." ಆತ ನಗಲಿಲ್ಲ. ಆಮೇಲೆ ಸಾವುಕಾರರ ನಗೆಯೂ ನಿಂತಿತು. ಇದ್ದಿಲ ಕಾರು ಜೋರಾಗಿ ಓಡಿದ್ದು ನಿಜವೆಂದಾದರೆ ಅದರಲ್ಲಿ ಪೆಟ್ರೋಲು ಇತ್ತು ಎಂದಾಯಿತು. ಪೆಟ್ರೋಲು ಇತ್ತೆಂದರೆ ಅದು ಕಳ್ಳ ಪೆಟ್ರೋಲು. ಸಾವುಕಾರರ ಮನೆಯ ಬಾಗಿಲಿಗೇ ಪೊಲೀಸು ಬರುವ ಮಾತು.

ವಕೀಲರ ಹತ್ತಿರ ಹೋದೆವು. ಬಸುರಿಯ ಜೀವ ಉಳಿಸಲು ಓಡಿಸಿದೆ ಎಂದು ಇದ್ದದ್ದನ್ನು ಹೇಳಿಬಿಡುತ್ತೇನೆ ಎಂದೆ. ವಕೀಲರು ತಲೆ ಅಲ್ಲಾಡಿಸಿದರು. "ದಂಡ ಕಡಿಮಿ ಮಾಡ್ಯಾರು. ಆದ್ರ ಓಡಿಸಿದ್ದು ಒಪ್ಪಿಕೊಂಡಂಗಾತಲ್ಲ? ಪೆಟ್ರೋಲು ಎಲ್ಲಿಂದ ಬಂತಂತ ಕೇಳ್ತಾರ. ನಿನ್ನ ಲೈಸೆನ್ಸೂ ಹೋತು, ಸಾವುಕಾರ್ರ ಮಾನಾನೂ ಹೋತು. ಕಾರು ಓಡಂಗಿಲ್ಲ ಅಂತಽ ಹೇಳು. ಬೇಕಂದ್ರ ಓಡಿಸಿ ನೋಡ್ರಿ ಅನ್ನೂಣು."

ಲೈಸೆನ್ಸು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ. ಆಗಲಿ ಎಂದೆ. ಅವತ್ತು ಕಾರು ಓಡಿದ್ದು ಹೇಗೆಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಯಾರ ಮುಂದೆ ಏನೆಂದು ಹೇಳುವುದು? ಕಾರು ರಿಪೇರಿಯ ಮಿಸ್ತ್ರಿಗೆ ಮಾತ್ರ ಗುಟ್ಟಾಗಿ ಹೇಳಿದ್ದೆ. ಗ್ಯಾಸು ಸೋಸಲು ಕೊಳವೆಯಲ್ಲಿ ನಾವು ಜಿನ್ನಿನ ಹತ್ತಿ ಕಸ ತುರುಕುತ್ತಿದ್ದೆವು. ಅದು ಸುಟ್ಟುಹೋಗಿ ದಾರಿ ತೆರವಾಗಿ ಗ್ಯಾಸು ನುಗ್ಗಿರಬೇಕು ಎಂದು ಅವನ ತರ್ಕ. ಬಿಚ್ಚಿ ನೋಡಿದರೆ ಹತ್ತಿ ಇದ್ದಲ್ಲೇ ಇತ್ತು. ಬೇಕೆಂದೇ ಅದನ್ನು ಕಿತ್ತುಹಾಕಿ ಓಡಿಸಿದೆವು. ಆಗಲೂ ಅದೇ ಸೈಕಲ್ಲಿನ ನಡಿಗೆ, ಜೊತೆಗೆ ಬಾಯಿ ತುಂಬ ಹೊಗೆ.

ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ವಕೀಲರ ಮಾತಿಗೆ ಒಪ್ಪಿ ಕಾರು ಓಡಿಸಿ ತೋರಿಸಲು ಹೇಳಿದರು. ಆ ದಿನದ ತಮಾಷೆ ನೋಡಲು ಅರ್ಧ ಆದವಾನಿಯೇ ನೆರೆದಿತ್ತು. ಟೋಲ್ ಗೇಟಿನಿಂದ ಕೋರ್ಟಿನ ತನಕ ಓಡಿಸಬೇಕು. ನನ್ನ ಪಕ್ಕದಲ್ಲಿ ಕೋರ್ಟಿನ ಅಮೀನರು, ಹಿಂದೆ ಪೊಲೀಸ್ ಇನ್ಸ್‌ಪೆಕ್ಟರು ಮತ್ತು ಖಾಸಿಂ ಸಾಬ್. ನಾನು ನನ್ನ ಕೈಲಾದ ಮಟ್ಟಿಗೆ ನಿಜವಾಗಿಯೇ ಓಡಿಸಿದೆ, ಮೋಸ ಮಾಡಲಿಲ್ಲ. ಕಾರು ಕೆಮ್ಮಿತು, ಉಬ್ಬಸ ಬಂದವರ ಹಾಗೆ ಎಳೆಯಿತು. ಒಬ್ಬ ಮುದುಕ ಎಮ್ಮೆ ಹೊಡೆದುಕೊಂಡು ನಮ್ಮ ಜೊತೆಜೊತೆಗೇ ಬಂದ. ಜನ ಸೀಟಿ ಹೊಡೆದರು. "ಖಾಸಿಂ ಸಾಬ, ಹಿಡೀಪಾ ಹಿಡಿ, ಹಾರಿ ಹೋದೀತು!" ಎಂದು ಯಾರೋ ಕೂಗಿದರು. ಇನ್ಸ್‌ಪೆಕ್ಟರು ಇಳಿಯುವಾಗ ಆತನಿಗೆ ತೆಲುಗಿನಲ್ಲಿ ಏನೋ ಅಂದರು. ನನಗೆ ಕೇಳಿಸಿದ್ದು ಕೊನೆಯ ಮಾತು: ಸುಳ್ಳು ಕೇಸು ಹಾಕಿದವನಿಗೆ ಪೆನ್ಷನ್ ಎಲ್ಲಿಯದು?

ಖಾಸಿಂ ಸಾಬ್ ತಲೆ ತಗ್ಗಿಸಿ ಕಟಕಟೆಯ ಪಕ್ಕದಲ್ಲಿ ನಿಂತ. ಪೇಟ ಕೈಯಲ್ಲಿ ಹಿಡಿದಿದ್ದ. ಏನು ನೋಡಿದೆ ಎಂದು ಮ್ಯಾಜಿಸ್ಟ್ರೇಟರು ಮತ್ತೊಮ್ಮೆ ಕೇಳಿದಾಗ, "ನೋಡಿದ್ದು ಹೇಳೀನಿ ಸಾಹೇಬ್. ಖುದಾ ಕಸಂ, ಗಾಡಿ ಓಡ್ತು," ಎಂದ. ಎಲ್ಲರೂ ನಕ್ಕರು. ಮ್ಯಾಜಿಸ್ಟ್ರೇಟರೂ ನಕ್ಕು ಕನ್ನಡಕ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಏಮಯ್ಯಾ ಡ್ರೈವರ್, ನೀನೇನು ಹೇಳುತ್ತಿ? ಕೇಸು ಮುಗಿದ ಹಾಗೆಯೇ."

ಓಡಲಿಲ್ಲ ಸ್ವಾಮಿ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ವಕೀಲರು ಕಣ್ಣಿನಲ್ಲೇ ಅದನ್ನು ಹೇಳುತ್ತಿದ್ದರು. ಬಾಗಿಲ ಹತ್ತಿರ ಸಾವುಕಾರರು ನಿಂತಿದ್ದರು. ನಾನು ಮುದುಕನ ಕೈಯಲ್ಲಿದ್ದ ಪೇಟ ನೋಡಿದೆ. ನನಗೆ ಸುಸ್ತಾಗಿತ್ತು. ಇದು ಧೈರ್ಯದ ಮಾತಲ್ಲ, ಸುಸ್ತಿನ ಮಾತು. ಆ ದಿನದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗಿದ್ದು ಇನ್ನು ಸಾಕು ಅನ್ನಿಸಿತು.

"ಓಡಿದ್ದು ನಿಜ ಸ್ವಾಮಿ," ಎಂದೆ. "ಆತ ಹೇಳಿದ್ದು ಸರಿ ಐತಿ."

"ಪೆಟ್ರೋಲು ಹಾಕಿದ್ದೆಯಾ?"

"ಹನಿ ಇರಲಿಲ್ರಿ."

"ಮತ್ತೆ ಹೇಗೆ ಓಡಿತು?"

"ಗೊತ್ತಿಲ್ರಿ."

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ನನ್ನನ್ನೇ ನೋಡಿದರು. ಹುಚ್ಚನೋ, ಬುದ್ಧಿವಂತನೋ ಎಂದು ಅಳೆಯುವ ಹಾಗೆ. ಯಾಕೆ ಓಡಿಸಿದೆ ಎಂದು ಕೇಳಿದರು, ಹೆರಿಗೆಯ ವಿಷಯ ಹೇಳಿದೆ. ಪೆಟ್ರೋಲಿನ ಮಾತನ್ನು ಸಾಕ್ಷಿಯಿಲ್ಲವೆಂದು ಅಲ್ಲಿಗೇ ಬಿಟ್ಟರು, ಸಾವುಕಾರರು ಉಳಿದರು. ತಪ್ಪೊಪ್ಪಿಕೊಂಡದ್ದರಿಂದ ನನಗೆ ಸಣ್ಣ ದಂಡ. ಕೈ ಎತ್ತಿದರೂ ನಿಲ್ಲಿಸದೆ ಹೋದದ್ದಕ್ಕೆ ಲೈಸೆನ್ಸು ಆರು ತಿಂಗಳು ಬಂದ್. ಅದರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಹೊರಗೆ ಬಂದಾಗ ಸಾವುಕಾರರು ಬೈಯಲೂ ಇಲ್ಲ. "ನಿನ್ನ ತಲಿ ನೆಟ್ಟಗಿಲ್ಲ. ನಾಳಿಂದ ಬರಬ್ಯಾಡ," ಎಂದಷ್ಟೇ ಹೇಳಿ ಜಟಕಾ ಹತ್ತಿ ಹೋದರು. ಮನೆಯಲ್ಲಿ ಅಕ್ಕನಿಗೆ ಏನು ಹೇಳಲಿ ಎಂದು ನಾನು ಕೋರ್ಟಿನ ಮೆಟ್ಟಿಲ ಮೇಲೆ ಕೂತೆ.

ಖಾಸಿಂ ಸಾಬ್ ಬಂದು ಪಕ್ಕದಲ್ಲಿ ಕೂತ. ಬೀಡಿ ಕೊಟ್ಟ.

"ಬೇಟಾ, ನೀನು ನನ್ನ ಮಾನ ಉಳಿಸಿದಿ," ಎಂದ. "ನಿನಗೊಂದು ಮಾತು ಹೇಳ್ತೀನಿ. ಕೋರ್ಟಿನಾಗ ಹೇಳಿಲ್ಲ. ಹೇಳಿದ್ರ ನನ್ನ ಹುಚ್ಚರ ದವಾಖಾನಿಗಿ ಹಾಕ್ತಿದ್ರು. ನಿನ್ನ ಗಾಡಿ ಹಿಂದ ಒಬ್ಬ ಮನುಷ್ಯ ತಳ್ಳಾಕ ಹತ್ತಿದ್ದ."

ನಾನು ಆತನ ಕಡೆ ತಿರುಗಿದೆ.

"ಎತ್ತರದಾತ. ಹೆಗಲ ಮ್ಯಾಲ ಕಂಬಳಿ. ತಲಿ ತಗ್ಗಿಸಿ, ಎರಡೂ ಕೈ ಆ ಡ್ರಮ್ಮಿಗಿ ಹಚ್ಚಿ ಓಡಾಕ ಹತ್ತಿದ್ದ. ನಾನು ಪಕ್ಕಕ್ಕ ಹಾರಿದ್ದು ಗಾಡಿಗಿ ಅಂಜಿ ಅಲ್ಲ ಬೇಟಾ. ಯಾ ಅಲ್ಲಾ, ಆ ಡ್ರಮ್ಮು ಕಾದಿರತೈತಿ, ಈತನ ಕೈ ಸುಡ್ತಾವಲ್ಲ ಅಂತ ನೋಡಾಕ ಹೋದೆ. ಅಷ್ಟರಾಗ ದಾಟಿ ಹೋಗಿತ್ತು."

ಬೀಡಿ ನನ್ನ ಬೆರಳಿನಲ್ಲೇ ಆರಿಹೋಯಿತು. ಆಸ್ಪತ್ರೆಯಲ್ಲಿ ನನಗೆ ಮುಗಿದ ಬಟ್ಟೆ ಸುತ್ತಿದ ಕೈಗಳು ನೆನಪಾದವು.

ತಡೆಯಲಾಗದೆ ಒಂದು ದಿನ ಪೆದ್ದಹರಿವಾಣಕ್ಕೆ ನಡೆದುಕೊಂಡೇ ಹೋದೆ. ಓಡಿಸಲು ಕಾರೂ ಇರಲಿಲ್ಲ, ಲೈಸೆನ್ಸೂ ಇರಲಿಲ್ಲ. ಈರಣ್ಣ ಮನೆಯಲ್ಲಿದ್ದ, ಕೂಸನ್ನು ತೊಟ್ಟಿಲಿಗೆ ಹಾಕಲು ಬಂದಿದ್ದನಂತೆ. ಕೈ ತೋರಿಸು ಎಂದೆ. ಅಂಗೈಯ ಚರ್ಮ ಸುಲಿದು ಹೊಸದು ಬಂದಿತ್ತು, ಎಳೆಯದಾಗಿ, ಕೆಂಪಗೆ. ಹೇಗಾಯಿತು ಎಂದು ಕೇಳಿದೆ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಆ ಮಧ್ಯಾಹ್ನ ಕುರಿಗಳು ನೆರಳಿಗೆ ನಿಂತಿದ್ದವಂತೆ. ಇವನು ಹಾಸುಗಲ್ಲಿನ ಮೇಲೆ ಕಂಬಳಿ ಹಾಸಿ, ಕೈ ಚಾಚಿ ಮಲಗಿದನಂತೆ. ನೆರಳು ಸರಿದದ್ದು ಗೊತ್ತಾಗಲಿಲ್ಲ. ಎಚ್ಚರವಾದಾಗ ಅಂಗೈ ತುಂಬ ಬೊಬ್ಬೆ ಎದ್ದಿದ್ದವು.

"ಕಲ್ಲು ಕಾದಿತ್ತು ಕಾಣ್ತೈತ್ರಿ," ಎಂದ. "ನಿದ್ದಿಗಣ್ಣಾಗ ಗೊತ್ತಾಗಿಲ್ಲ. ಅವ್ವ ಕರದಂಗಾತು, ಎದ್ದೆ. ಮೈಯೆಲ್ಲ ಬೆವತು ನೀರಾಗಿತ್ತು, ಕಾಲು ಸೋತು ಬಿದ್ದಿದ್ವು. ಯಾಕೋ ಊರ ಕಡಿ ಮನಸು ಎಳೀತು, ಬಂದ್ನಿ."

ಇರಬಹುದು. ಕಲ್ಲು ಕಾದಿರಬಹುದು. ನಮ್ಮ ಕಡೆಯ ಬಿಸಿಲಿಗೆ ಕಲ್ಲು ಕಾಯುವುದು ದೊಡ್ಡ ಮಾತಲ್ಲ. ಆಮೇಲೆ ನಾನೇ ಎಷ್ಟೋ ಮಧ್ಯಾಹ್ನ ಹಾಸುಗಲ್ಲಿನ ಮೇಲೆ ಅಂಗೈ ಇಟ್ಟು ನೋಡಿದ್ದೇನೆ. ಇಟ್ಟ ಕೂಡಲೇ ತೆಗೆಯಬೇಕೆನ್ನಿಸುತ್ತದೆ. ನಿದ್ದೆ ಹೋದವನ ಮಾತು ಬೇರೆ ಇರಬಹುದು. ಖಾಸಿಂ ಸಾಬ್ ಮುದುಕ, ಬಿಸಿಲಲ್ಲಿ ನಿಂತವನು. ಅವನ ಕಣ್ಣಿಗೆ ಏನೋ ಕಂಡಿರಬಹುದು. ನನ್ನ ಬೆನ್ನಿಗೆ ಬಡಿದ ಜೋಲಿಯೂ ರಸ್ತೆಯ ಗುಂಡಿಯದೇ ಇರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಕ್ಕೂ ಒಂದು ಉತ್ತರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಕೂತರೆ ನನ್ನ ಕೈಲಾಗುವುದಿಲ್ಲ.

ಹೊರಡುವ ಮುಂಚೆ ಹನುಮವ್ವನನ್ನು ಹಿತ್ತಿಲಲ್ಲಿ ಹಿಡಿದು ಕೇಳಿದೆ. ಆ ದಿನ ಮಗನಿಗೆ ಯಾರ ಕೈಯಲ್ಲಿ ಹೇಳಿ ಕಳಿಸಿದ್ದೆ ಎಂದು. ಅವಳು ನನ್ನ ಮುಖವನ್ನೇ ನೋಡಿದಳು, ಇಂಥ ದಡ್ಡ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂಬಂತೆ.

"ಯಾರನ್ನ ಕಳಸ್ಲಪ್ಪ? ನಾನಽ ಕರದ್ನಲ್ಲ. ನೀನು ಅಲ್ಲೇ ಕುಂತಿದ್ದಿ."

ಆ ಆರು ತಿಂಗಳು ನಾನು ಹತ್ತಿ ಒತ್ತಿ ಮೂಟೆ ಕಟ್ಟುವ ಪ್ರೆಸ್ಸಿನಲ್ಲಿ ಬೇಲು ಹೊತ್ತೆ. ಅಕ್ಕ ಒಂದು ಮಾತೂ ಆಡದೆ ನಾಲ್ಕು ಮನೆಯ ಹಿಟ್ಟು ಬೀಸಿದಳು. ಆಮೇಲೆ ಲೈಸೆನ್ಸು ಕೈಗೆ ಬಂತು, ಬೇರೆಯವರ ಕಾರು ಓಡಿಸಿದೆ, ಯುದ್ಧ ಮುಗಿಯಿತು, ಡ್ರಮ್ಮುಗಳೆಲ್ಲ ಗುಜರಿಗೆ ಹೋದವು. ಖಾಸಿಂ ಸಾಬ್ ಪೆನ್ಷನ್ ತೆಗೆದುಕೊಂಡು ಮಸೀದಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದ. ನಾನು ಹಾದು ಹೋದರೆ ಕೈ ಎತ್ತುತ್ತಿದ್ದ, ನಾನು ಕಾರು ನಿಲ್ಲಿಸುತ್ತಿದ್ದೆ.

ಆ ಹಳೆಯ ಲೈಸೆನ್ಸು ಇನ್ನೂ ನನ್ನ ಟ್ರಂಕಿನಲ್ಲಿದೆ. ಕೆಂಪು ಶಾಯಿ ಮಾಸಿ ಕಂದಾಗಿದೆ, ಆದರೂ ಓದಲು ಬರುತ್ತದೆ. ಇಂಥ ಕಾರನ್ನು ಇಂಥವನು ಮಿತಿ ಮೀರಿದ ವೇಗದಲ್ಲಿ ಓಡಿಸಿದನೆಂದು ನನ್ನ ಹೆಸರು ಬರೆದಿದ್ದಾರೆ. ದಂಡ ಕಟ್ಟಿದ್ದು ನಾನು, ಬೇಲು ಹೊತ್ತದ್ದು ನಾನು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ದಿನ ಆ ಕಾರನ್ನು ಓಡಿಸಿದವನು ನಾನೇ ಎಂದು ಇವತ್ತು ಯಾರಾದರೂ ಕೇಳಿದರೆ, ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ.